ಬರೆಸಿಕೊಂಡವರು ಬರೆಯಲು ಕೂತಾಗ

(ನರಸಿಂಹರಾಜಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



"ಯೂನಿವರ್ಸಿಟಿಯಲ್ಲಿ ಏನೋ ಸಂಶೋಧನೆ ಮಾಡ್ತಿದೀರಂತೆ, ಅದೇನು ಅಂತ ನಮ್ಮ ಹುಡುಗರಿಗೂ ಹೇಳಿ" ಅಂತ ಕರೆದಿರಿ. ನಾವು ನಾಲ್ಕು ಜನ ಬಂದಿದ್ದೇವೆ. ಒಬ್ಬರದು ಸಮಾಜಶಾಸ್ತ್ರ, ಒಬ್ಬರದು ಪ್ರಾಣಿಶಾಸ್ತ್ರ, ಒಬ್ಬರದು ಅರ್ಥಶಾಸ್ತ್ರ, ಇನ್ನೊಬ್ಬರದು ಕನ್ನಡ. ನಾಲ್ಕೂ ಜನ ಬೇರೆ ಬೇರೆ ಮಾತಾಡಿದರೆ ಊಟದ ಗಂಟೆ ಹೊಡೆದರೂ ಮುಗಿಯೋದಿಲ್ಲ. ಅದಕ್ಕೇ ಬಸ್ಸಿನಲ್ಲಿ ಬರುವಾಗಲೇ ಜಗಳ ಆಡಿಕೊಂಡು ಒಂದೇ ಮಾತಾಗಿ ಬರೆದು ತಂದಿದ್ದೇವೆ. ತಪ್ಪಿದ್ದರೆ ನಾಲ್ವರಿಗೂ ಸಮವಾಗಿ ಬೈಯಿರಿ.

ಕುವೆಂಪು ವಿಶ್ವವಿದ್ಯಾಲಯ ಶುರುವಾದದ್ದು 1987ರಲ್ಲಿ. ಅದಿರೋದು ಶಂಕರಘಟ್ಟದಲ್ಲಿ, ಲಕ್ಕವಳ್ಳಿ ಅಣೆಕಟ್ಟೆಗೆ ಹತ್ತಿರ. ಆ ಕಟ್ಟೆ ತಡೆದು ನಿಲ್ಲಿಸಿದ ಭದ್ರೆಯೇ ಈ ನಿಮ್ಮ ಎನ್.ಆರ್.ಪುರದ ಮಗ್ಗುಲಿಗೆ ಹಿನ್ನೀರಾಗಿ ಬಂದು ನಿಂತಿದ್ದಾಳೆ. ನೀರಿಗೆ ಆ ಕಡೆಯಿಂದ ಈ ಕಡೆಗೆ ಹಬ್ಬಲು ಹೆಚ್ಚು ಕಾಲ ಬೇಕಾಗಲಿಲ್ಲ. ನಮ್ಮ ಕೇರಿಯವರಿಗೆ ಈ ಕಡೆಯಿಂದ ಆ ಕಡೆಗೆ ಹೋಗಿ ಲೈಬ್ರರಿಯ ಬಾಗಿಲು ತಳ್ಳಲು ಎಷ್ಟು ತಲೆಮಾರು ಬೇಕಾಯಿತು, ನಿಮ್ಮ ನಿಮ್ಮ ಮನೆಯಲ್ಲೇ ಲೆಕ್ಕ ಹಾಕಿ.

ಸಂಶೋಧನೆ ಅಂದರೆ ಮಲೆನಾಡಿಗೆ ಹೊಸದೇನಲ್ಲ. ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನೆಯ ಕೇಂದ್ರ ಶುರುವಾದದ್ದು 1925ರಲ್ಲಿ. ನೂರು ವರ್ಷವೇ ಆಯಿತು. ಕಾಫಿ ಎಲೆಗೆ ತುಕ್ಕು ರೋಗ ಯಾಕೆ ಬರುತ್ತೆ, ಕಾಂಡ ಕೊರೆಯೋ ಹುಳ ಯಾವ ತಿಂಗಳಲ್ಲಿ ಮೊಟ್ಟೆ ಇಡುತ್ತೆ, ಎಲ್ಲಕ್ಕೂ ಅಲ್ಲಿ ಲೆಕ್ಕವಿದೆ. ಇರಬೇಕು, ಅದು ಅವರ ಕೆಲಸ. ಆದರೆ ಆ ಗಿಡದ ಬುಡದಲ್ಲಿ ಇಡೀ ದಿನ ಬಗ್ಗಿ ನಿಂತ ಹೆಂಗಸಿನ ಸೊಂಟದ ಲೆಕ್ಕ ಯಾರದು? ಅದನ್ನ ಕಾಫಿ ವಿಜ್ಞಾನಿ ಕೇಳಲಿ ಅಂತ ಕಾಯುತ್ತಾ ಕೂರುವುದೂ ಒಂದು ಥರದ ಗುಲಾಮಗಿರಿಯೇ. ಲೈನು ಮನೆಯಲ್ಲಿ ಹುಟ್ಟಿದವರು ನಾವು, ಕೇಳಬೇಕಾದವರೂ ನಾವೇ.

ನಮ್ಮವರ ಮೇಲೆ ಸಂಶೋಧನೆಯೇ ಆಗಿಲ್ಲ ಅಂತಲ್ಲ. ಆಗಿದೆ, ಬೇಕಾದಷ್ಟು ಆಗಿದೆ. ಅದರ ಒಂದು ಕತೆ ಹೇಳಬೇಕು. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಅಂತ ಹಳ್ಳಿ. 1970ರ ದಶಕದ ನಡುವಿನಲ್ಲಿ ಅಲ್ಲಿ ಒಂದು ವಿಚಿತ್ರ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮಂಡಿಯ ಕೀಲು ಸವೆದು ಹೋಗೋದು. ಕೆಲವರು ಬೆಳೆಯದೆ ಗಿಡ್ಡವಾಗಿಯೇ ಉಳಿಯೋದು. ಜೋರಾದವರು ಎದ್ದು ನಿಲ್ಲಲಾರದೆ ನೆಲಕ್ಕೆ ಕೈಯೂರಿ ತೆವಳೋದು. ಬಂದದ್ದು ಯಾರಿಗೆ? ಚನ್ನಂಗಿಯವರಿಗೆ, ಚಲವಾದಿಗಳಿಗೆ. ಶಿವಮೊಗ್ಗ ಜಿಲ್ಲೆಯಲ್ಲಿ ಮಾತ್ರವಲ್ಲ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೇರಿಗಳಲ್ಲೂ ಇತ್ತು. ವೈದ್ಯಶಾಸ್ತ್ರದ ಪುಸ್ತಕದಲ್ಲಿ ಆ ಹಳ್ಳಿಯ ಹೆಸರೇ ರೋಗದ ಹೆಸರಾಗಿ ಕೂತಿತು.

ವಿಜ್ಞಾನಿಗಳು ಬಂದರು. ಎಕ್ಸ್‌ರೇ ತೆಗೆದರು, ರಕ್ತ ತೆಗೆದರು. ಮೊದಲಿಗೆ ಗದ್ದೆಯ ಏಡಿಯ ಮೇಲೆ ಅನುಮಾನ ಬಂತು. ಭತ್ತಕ್ಕೆ ಹೊಡೆದ ಔಷಧಿ ಏಡಿಗೆ, ಮೀನಿಗೆ ಸೇರಿ, ಅದನ್ನ ಹಿಡಿದು ತಿಂದ ಬಡವರ ಮೂಳೆಗೆ ಇಳಿಯಿತೇ ಅಂತ. ಆಮೇಲಿನ ಅಧ್ಯಯನಗಳು ಇದು ವಂಶವಾಹಿಯಲ್ಲೇ ಇಳಿದು ಬರುವ ತೊಂದರೆ ಅಂದವು. ಅವರ ಶ್ರಮವನ್ನ ಹೀಯಾಳಿಸೋಕೆ ನಾವು ಬಂದಿಲ್ಲ. ದೆವ್ವದ ಕಾಟ, ದೇವರ ಶಾಪ ಅನ್ನೋ ಮಾತಿನಿಂದ ಕಾಯಿಲೆಯನ್ನ ಬಿಡಿಸಿ ಮೂಳೆಯ ಹತ್ತಿರ ತಂದದ್ದು ಸಣ್ಣ ಕೆಲಸವಲ್ಲ.

ನಮ್ಮಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ತಂಗಿ ಈ ಬರಹಗಳನ್ನ ಓದಿ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಅವಳ ಸ್ವಂತ ವಿಷಯ ಬೇರೆ. ಮಂಗನ ಕಾಯಿಲೆ ಹರಡೋ ಉಣುಗು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಆ ಜ್ವರ ನಿಮ್ಮ ತಾಲೂಕಿಗೂ ಹೊಸದಲ್ಲ, ದರಗು ತರೋಕೆ, ಸೌದೆಗೆ ಕಾಡಿಗೆ ಹೋದವರನ್ನೇ ಅದು ಹಿಡಿಯೋದು ಅಂತ ನಿಮಗೂ ಗೊತ್ತು. ಇರಲಿ. ಹಂದಿಗೋಡು ಕಾಯಿಲೆಯ ಚರ್ಚೆಯಲ್ಲಿ ಅವಳು ಒಂದು ಪದಕ್ಕೆ ಪೆನ್ಸಿಲ್ ಗೆರೆ ಎಳೆದಿದ್ದಳು. ಒಂದೇ ಸಣ್ಣ ಗುಂಪಿನೊಳಗೆ, ರಕ್ತಸಂಬಂಧದಲ್ಲೇ ಮದುವೆ. ಅದನ್ನ ತಂದು ಸಮಾಜಶಾಸ್ತ್ರದ ಗೆಳೆಯನಿಗೆ ತೋರಿಸಿದಳು. ಅವನ ಕೈಯಲ್ಲಿ ಆ ಹೊತ್ತಿಗೆ ಇದ್ದದ್ದು ಬಾಬಾಸಾಹೇಬರ ಪ್ರಬಂಧ.

ಆ ಪ್ರಬಂಧವನ್ನ ಅಂಬೇಡ್ಕರ್ ಓದಿದ್ದು 1916ರ ಮೇ 9ರಂದು, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಮಾನವಶಾಸ್ತ್ರದ ಒಂದು ವಿಚಾರಗೋಷ್ಠಿಯಲ್ಲಿ. ಅವರಿಗೆ 25 ತುಂಬಿ ಆಗಿನ್ನೂ ಒಂದು ತಿಂಗಳು ಕೂಡ ಆಗಿರಲಿಲ್ಲ. ಇಲ್ಲಿ ಕೂತಿರೋ ಕೆಲವರ ವಯಸ್ಸು. ಜಾತಿ ಅಂದರೆ ಏನು ಅಂತ ದೊಡ್ಡ ದೊಡ್ಡ ಪಂಡಿತರು ಹೇಳಿದ್ದನ್ನೆಲ್ಲ ಜರಡಿ ಹಿಡಿದು ಆ ಹುಡುಗ ಹೇಳಿದ್ದು ಇಷ್ಟು: ಜಾತಿಯ ತಿರುಳು ಇರೋದು ಜಾತಿಯೊಳಗಿನ ಮದುವೆಯಲ್ಲಿ. ಬೇಲಿ ಅದೇ. ಆ ಬೇಲಿ ಕಾಯೋದಕ್ಕಾಗಿಯೇ ವಿಧವೆಯ ಮೇಲೆ, ಹೆಣ್ಣುಮಗುವಿನ ಮೇಲೆ ಅಷ್ಟೆಲ್ಲ ಕಟ್ಟುಪಾಡು.

ಈಗ ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿ. ವೈದ್ಯರು ಬರೆದದ್ದು ರಕ್ತಸಂಬಂಧ. ಅಂಬೇಡ್ಕರ್ ಬರೆದದ್ದು ಜಾತಿ ಬೇಲಿ. ಒಂದೇ ಕೇರಿಯನ್ನ ಒಬ್ಬರು ಮೂಳೆಯ ಕಡೆಯಿಂದ ನೋಡಿದಂತೆ, ಇನ್ನೊಬ್ಬರು ಊರಿನ ಕಡೆಯಿಂದ ನೋಡಿದಂತೆ. ಎಲ್ಲ ಜಾತಿಯವರೂ ತಮ್ಮೊಳಗೇ ಮದುವೆ ಆಗುತ್ತಾರೆ, ನಿಜ. ಆದರೆ ಸಣ್ಣ ಜಾತಿಗೆ ಸಣ್ಣ ಬೇಲಿ. ಆಚೆ ಹೋಗೋಕೆ ದುಡ್ಡಿಲ್ಲ, ರಸ್ತೆಯಿಲ್ಲ, ಆಚೆಯವರು ಒಳಗೆ ಬರೋದಂತೂ ಇಲ್ಲವೇ ಇಲ್ಲ. ವಂಶವಾಹಿಯ ತೊಂದರೆ ಯಾರಿಗೆ ಬೇಕಾದರೂ ಹುಟ್ಟಬಹುದು, ಅದನ್ನ ಒಂದು ಕೇರಿಯೊಳಗೇ ಕೂಡಿ ಹಾಕಿ ಬೀಗ ಜಡಿದವರು ಯಾರು? ಈ ಪ್ರಶ್ನೆ ಪ್ರಾಣಿಶಾಸ್ತ್ರ ವಿಭಾಗದ್ದೋ ಸಮಾಜಶಾಸ್ತ್ರದ್ದೋ ನಮಗೆ ಗೊತ್ತಿಲ್ಲ. ಎರಡು ವಿಭಾಗದ ನಡುವೆ ಒಂದು ಕ್ಯಾಂಟೀನ್ ಇದೆ, ಅಲ್ಲಿ ಟೀ ಕುಡಿಯುವಾಗ ಹುಟ್ಟಿದ್ದು.

ನಮ್ಮ ಅರ್ಥಶಾಸ್ತ್ರದ ಗೆಳೆಯನ ಕತೆ ಇನ್ನೊಂದು ಥರ. ಕೂಲಿಯ ಬಗ್ಗೆ ಪ್ರಶ್ನಾವಳಿ ತಯಾರು ಮಾಡಿಕೊಂಡು ಊರಿಗೆ ಹೋದ. ಉದ್ಯೋಗ ಅಂತ ಒಂದು ಕಾಲಂ, ಅದರಲ್ಲಿ ಒಂದೇ ಒಂದು ಪದ ಬರೆಯುವಷ್ಟು ಜಾಗ. ಮಳೆಗಾಲದಲ್ಲಿ ಸಸಿ ನೆಡೋದು, ಆಮೇಲೆ ಅಡಿಕೆ ಸುಲಿಯೋದು, ಚಳಿಗೆ ಕಾಫಿ ಹಣ್ಣು ಬಿಡಿಸೋದು, ಬೇಸಿಗೆಗೆ ದರಗು ಹೊರೋದು, ನಡುವೆ ಯಾರ ಮನೆಯದೋ ಕೊಟ್ಟಿಗೆ. ಇಷ್ಟನ್ನೂ ಮಾಡುವವಳಿಗೆ ಆ ಕಾಲಂನಲ್ಲಿ ಬರೆಯೋದು ಏನು? ಕೊನೆಗೆ ತನ್ನ ಅವ್ವನನ್ನೇ ಕೂರಿಸಿಕೊಂಡು ಕೇಳಿದ.

"ದಿನಕ್ಕೆ ಎಷ್ಟು ಕೊಡ್ತಾರವ್ವ?"

ಅವ್ವ ಒಂದು ಮೊತ್ತ ಹೇಳಿದಳು. ಸಿಗೋದಕ್ಕಿಂತ ಹೆಚ್ಚು. ಮಗನಿಗೆ ನಿಜ ಗೊತ್ತು, ಹಾಗಲ್ವಲ್ಲವ್ವ ಅಂದ.

"ನನ್ನ ಹೆಸ್ರು ಬುಕ್ಕಲ್ಲಿ ಬರುತ್ತೆ ಅಂತೀಯ. ಅಷ್ಟು ಕಮ್ಮಿ ಯಾಕ್ ಬರೆಸ್ಲಿ ಮಗ?"

ಮಾಹಿತಿ ಕೊಡುವವರು ಸುಳ್ಳು ಹೇಳಬಹುದು, ಎಚ್ಚರಿಕೆಯಿಂದ ಇರಬೇಕು ಅಂತ ನಮಗೆ ಪಾಠದಲ್ಲಿ ಹೇಳಿಕೊಟ್ಟಿದ್ದರು. ಅದು ಸುಳ್ಳಲ್ಲ, ಮಾನ. ಹೊರಗಿನಿಂದ ಬಂದವನಿಗೆ ಅದು ಗೊತ್ತಾಗುತ್ತಲೇ ಇರಲಿಲ್ಲ, ತಪ್ಪು ಮೊತ್ತವನ್ನೇ ಬರೆದುಕೊಂಡು ಬಸ್ಸು ಹತ್ತುತ್ತಿದ್ದ. ನಮ್ಮ ಗೆಳೆಯ ಎರಡೂ ಮೊತ್ತ ಬರೆದುಕೊಂಡಿದ್ದಾನೆ. ಎರಡನೆಯದನ್ನ ಯಾವ ಪಟ್ಟಿಗೆ ಹಾಕಬೇಕು ಅಂತ ಇನ್ನೂ ಹೊಳೆದಿಲ್ಲ.

ಕನ್ನಡದವಳದು ಹಾಡು. ಅಜ್ಜಿಯ ಹತ್ತಿರ ಕೂತು ಬರೆದುಕೊಳ್ಳುತ್ತಾಳೆ. "ಇದರ ಭಾಷೆ ಸ್ವಲ್ಪ ತಿದ್ದಿ, ಒರಟಾಗಿದೆ" ಅಂದವರೂ ಇದ್ದಾರೆ. ಯಾರು, ಎಲ್ಲಿ ಅನ್ನೋದು ಬೇಡ, ಎಲ್ಲ ಕಡೆಯೂ ಇದ್ದಾರೆ. ಹಾಸ್ಟೆಲ್ಲಿನಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರು ಪಿಎಚ್.ಡಿ.ಗೆ ಆರಿಸಿಕೊಂಡದ್ದು ಗ್ರಾಮದೇವತೆಗಳನ್ನ. ಊರಾಚೆ ಮರದ ಕೆಳಗೆ ಕೂತಿದ್ದ ಮಾರಿ, ಮಸಣಿಯರು ವಿಶ್ವವಿದ್ಯಾಲಯದೊಳಕ್ಕೆ ನಡೆದು ಬಂದರು. ದೇವರನ್ನ ಯಾರೂ ತಿದ್ದಲಿಲ್ಲವಲ್ಲ, ನಮ್ಮಜ್ಜಿಯನ್ನ ಯಾಕೆ ತಿದ್ದಬೇಕು?

ಇದಕ್ಕೆ ತಿರುಗಾ ಇನ್ನೊಂದು ಮಾತಿದೆ. "ನೀವು ನಿಮ್ಮವರ ಬಗ್ಗೆಯೇ ಮಾಡಿ, ನಿಮಗೆ ಸುಲಭ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಅದರೊಳಗೆ ಒಂದು ಬೇಲಿಯಿದೆ ಗೆಳೆಯರೇ. ಜಾತಿಯ ಬಗ್ಗೆ ಅಂಥ ಪ್ರಬಂಧ ಓದಿದ ಅಂಬೇಡ್ಕರರೇ ಆಮೇಲೆ ಲಂಡನ್ನಿನಲ್ಲಿ ಡಿ.ಎಸ್‌ಸಿ. ಪದವಿಗೆ ಬರೆದದ್ದು ರೂಪಾಯಿಯ ಸಮಸ್ಯೆ ಬಗ್ಗೆ, ಪುಸ್ತಕವಾದದ್ದು 1923ರಲ್ಲಿ. ದೇಶದ ನಾಣ್ಯ ಬೆಳ್ಳಿಗೆ ಕಟ್ಟಿಕೊಳ್ಳಬೇಕೋ ಚಿನ್ನಕ್ಕೋ ಅನ್ನೋದನ್ನ ಒಬ್ಬ ಮಹಾರನ ಮಗ ವಿಚಾರ ಮಾಡಿದ. ಹೈದರಾಬಾದಿನಲ್ಲಿ ಸಂಶೋಧಕನಾಗಿದ್ದ ರೋಹಿತ್ ವೇಮುಲ ಕನಸು ಕಂಡದ್ದು ವಿಜ್ಞಾನದ ಲೇಖಕನಾಗಬೇಕು ಅಂತ, ನಕ್ಷತ್ರಗಳ ಬಗ್ಗೆ ಬರೆಯಬೇಕು ಅಂತ. 2016ರ ಜನವರಿ 17ರಂದು ನಾವು ಅವನನ್ನ ಕಳೆದುಕೊಂಡೆವು. ಏಳು ತಿಂಗಳ ಫೆಲೋಶಿಪ್ ಬರಬೇಕಿದೆ ಅಂತ ಕೊನೆಯ ಕಾಗದದಲ್ಲಿ ಬರೆದಿಟ್ಟಿದ್ದ. ಇದನ್ನ ನಿಮ್ಮನ್ನ ಹೆದರಿಸೋಕೆ ಹೇಳುತ್ತಿಲ್ಲ. ನಮ್ಮಲ್ಲೊಬ್ಬನಿಗೂ ಫೆಲೋಶಿಪ್ ತಿಂಗಳುಗಟ್ಟಲೆ ನಿಂತು, ಎಲ್ಲ ಬಿಟ್ಟು ಊರಿಗೆ ಹೋಗ್ತೀನಿ ಅಂತ ಟ್ರಂಕು ಕಟ್ಟಿದ್ದ. ಉಳಿದ ಮೂವರು ಟ್ರಂಕಿನ ಮೇಲೆ ಕೂತೆವು. ನಗಬೇಡಿ, ನಿಜವಾಗಿಯೂ ಕೂತೆವು. ಮೂರು ತಟ್ಟೆ ಅನ್ನ ನಾಲ್ಕಾಯಿತು, ಅಷ್ಟೇ. ಒಬ್ಬರೇ ಇರಬೇಡಿ ಅನ್ನೋದಕ್ಕೆ ಹೇಳಿದೆವು. ರೂಮಿನಲ್ಲಿ ಯಾರಾದರೂ ಎರಡು ದಿನ ಊಟಕ್ಕೆ ಬರದಿದ್ದರೆ ಹೋಗಿ ಬಾಗಿಲು ಬಡಿಯಿರಿ.

ಕೊನೆಗೆ ಆ ಅಜ್ಜಿಯ ಮಾತು. ಮಲೆನಾಡಿನ ಒಂದು ಕೇರಿ, ಹೆಸರು ಬೇಡ. ಮಂಡಿ ಮಡಿಸಲಾಗದೆ ಬಾಗಿಲಿಗೆ ಒರಗಿ ಕೂತಿದ್ದಳು. ನಮ್ಮ ಕೈಯಲ್ಲಿ ನೋಟ್‌ಬುಕ್ಕು ಕಂಡ ಕೂಡಲೇ ಮುಖ ತಿರುಗಿಸಿದಳು.

"ಎಷ್ಟ್ ಜನ ಬಂದ್ರು, ಬರ್ಕಂಡ್ ಹೋದ್ರು. ಒಬ್ರಾದ್ರೂ ತಿರುಗಿ ಬಂದು ಹಿಂಗಾತಮ್ಮ ಅಂತ ಹೇಳಿದ್ರಾ? ನೀವ್ ಯಾರ ಮಕ್ಳು?"

ಯಾರ ಮಕ್ಕಳು ಅಂತ ಹೇಳಿದೆವು. ಯಾವ ಊರು, ಯಾವ ಬೆಡಗು, ಎಲ್ಲ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದಳು.

"ಹಂಗಾದ್ರೆ ನೀವು ವಾಪಸ್ ಬರ್ಬೇಕಾಗ್ತದೆ" ಅಂದಳು.

ಅವಳು ಹೇಳಿದ್ದನ್ನ ಎಂಟು ಪುಟ ಬರೆದುಕೊಂಡಿದ್ದೇವೆ. ಸ್ಪಷ್ಟವಾಗಿ ಪ್ರತಿ ಮಾಡಿ ಇಟ್ಟಿದ್ದೇವೆ. ಬರುವ ಭಾನುವಾರ ಹೋಗಿ ಅವಳ ಮುಂದೆ ಓದಬೇಕು, ತಪ್ಪಿದ್ದಲ್ಲಿ ಅವಳೇ ತಿದ್ದಲಿ. ಬಸ್ಸು ಬೆಳಿಗ್ಗೆ ಬೇಗ ಹೊರಡುತ್ತೆ. ನಿಮ್ಮಲ್ಲಿ ಇಬ್ಬರಿಗೆ ಜಾಗವಿದೆ, ನೋಟ್‌ಬುಕ್ಕು ಪೆನ್ನು ನೀವೇ ತರಬೇಕು. ಈಗ ಊಟಕ್ಕೆ ಮೊದಲು ಪ್ರಶ್ನೆ ಇದ್ದರೆ ಕೇಳಿ. ಹಿಂದಿನ ಸಾಲಿನವರು ಮೊದಲು.