ಉಸಿರಿಗಾಗಿ ನಿಶ್ಚಲತೆ



2020-21ರ ಕೊರೋನಾ ಕಾಲದಲ್ಲಿ ‘ವೆಂಟಿಲೇಟರ್’ ಎಂಬ ಮಾತನ್ನು ಯೆಣೆಗೂರಿನ ನಾವೂ ಕಲಿತೆವು. ಶ್ವಾಸಕೋಶಗಳು ತೀವ್ರವಾಗಿ ಸೋತಾಗ ರೋಗಿಯ ಉಸಿರು ಯಂತ್ರದೊಡನೆ ಸೆಣಸುವುದುಂಟು. ಆಗ ವೈದ್ಯರು ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಕೊಡುವರು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಲೇಪಿಸುತ್ತಿದ್ದ ಕ್ಯುರಾರೆ ವಿಷವೇ ಇಂಥ ಔಷಧಗಳಿಗೆ ಮೂಲ. ಇದು ಅಂಗಾಂಗಗಳನ್ನು ಕಟ್ಟುವುದೇ ಹೊರತು ಅರಿವನ್ನು ಅಳಿಸದು; ಆದುದರಿಂದ ಮೊದಲು ನಿದ್ರೆಯ ಔಷಧವನ್ನು ಕೊಡಲೇಬೇಕು.

2010ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗವು, 340 ರೋಗಿಗಳನ್ನು ಪರೀಕ್ಷಿಸಿ, ಇದರಿಂದ ಸಾವು ತಗ್ಗುವುದೆಂದಿತು. 2019ರಲ್ಲಿ ಅಮೆರಿಕದ ಪ್ರಯೋಗವು 1006 ರೋಗಿಗಳಲ್ಲಿ ಅಂಥ ಲಾಭವನ್ನು ಕಾಣಲಿಲ್ಲ. ಆದಕಾರಣ ಇದು ಎಲ್ಲರಿಗೂ ಅಲ್ಲ, ಅಗತ್ಯವುಳ್ಳವರಿಗೆ ಮಾತ್ರ.

ಮಕ್ಕಳೇ, ನಿಜವೆನಿಸಿದ್ದನ್ನೂ ಮತ್ತೊಮ್ಮೆ ಒರೆಗೆ ಹಚ್ಚುವುದೇ ವಿದ್ಯೆ. ಪಾಲಕರೇ, ನಿಶ್ಚಲವಾಗಿ ಮಲಗಿದವರು ಕೇಳಿಸಿಕೊಳ್ಳುತ್ತಿರುವರೆಂದೇ ಭಾವಿಸಿ ಅವರ ಬಳಿ ಧೈರ್ಯದ ಮಾತನ್ನಾಡೋಣ.