ಸಭೆಯ ಮುಂದೆ ಮಾತು



ಭಾಷಣಕಲೆಯನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ಪಾಠ ಹೇಳುವಾಗ, ಬಾಯಲ್ಲಿ ಬೆಣಚುಕಲ್ಲುಗಳನ್ನಿರಿಸಿಕೊಂಡು ಉಚ್ಚಾರಣೆಯನ್ನು ತಿದ್ದಿಕೊಂಡನೆಂಬ ಗ್ರೀಸಿನ ಡೆಮಾಸ್ತನೀಸನ ಕಥೆಯಿಂದ ಆರಂಭಿಸುವುದು ರೂಢಿಯಾಗಿದೆ. ಕಥೆಯು ರಮ್ಯವಾದುದೇ. ಆದರೆ ಅದು ವಿದ್ಯಾರ್ಥಿಯ ಗಮನವನ್ನೆಲ್ಲ ಭಾಷಣಕಾರನ ನಾಲಗೆಯ ಮೇಲೆ ನಿಲ್ಲಿಸಿಬಿಡುತ್ತದೆ. ಅದೇ ನಾಡಿನ ಅರಿಸ್ಟಾಟಲನು ಇದಕ್ಕಿಂತ ಉಪಯುಕ್ತವಾದ ಮಾತೊಂದನ್ನು ಹೇಳಿರುವನು: ಆಡುವವನು, ಆಡುವ ವಿಷಯ, ಕೇಳುವವನು ಎಂಬ ಮೂರರಲ್ಲಿ ಭಾಷಣದ ಗುರಿಯು ಕೇಳುವವನೇ. ಈ ಮಾತನ್ನು ಪರೀಕ್ಷಿಸಿ ನೋಡಲು ಬೆಳಗಾವಿ ಜಿಲ್ಲೆಯ ಉತ್ತರ ಭಾಗಕ್ಕಿಂತ, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗಿಂತ, ತಕ್ಕುದಾದ ಸ್ಥಳವು ನನಗೆ ತೋರದು.

ಅಲ್ಲಿಯ ಸಭೆಯು ಒಂದೇ ಭಾಷೆಯ ಸಭೆಯಲ್ಲ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು; ಕಾಗವಾಡದಿಂದ ಮೀರಜವು ಕೂಗಳತೆಯೆನ್ನುವಷ್ಟು ಸಮೀಪ; ನಿಪ್ಪಾಣಿಯ ಪೇಟೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುತ್ತವೆ. ಆದುದರಿಂದ ಅಲ್ಲಿ ಮಾತನಾಡುವವನಿಗೆ, ಎದುರಿಗಿರುವವರು ಯಾರು ಎಂಬ ಪ್ರಶ್ನೆಯು ಮೊದಲನೆಯ ವಾಕ್ಯದಲ್ಲಿಯೇ ಎದುರಾಗುವುದು.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿ ಈ ಸೀಮೆಯ ಅನೇಕ ಗ್ರಾಮಗಳು ಜಲಾವೃತವಾದುವು. 2005ರಲ್ಲಿಯೂ ಹಾಗೆಯೇ ಆಗಿತ್ತು. 2021ರಲ್ಲಿ ಮತ್ತೆ ಆಯಿತು. ಇಂತಹ ವೇಳೆಯಲ್ಲಿ ಅಧಿಕಾರಿಯೊಬ್ಬನು ಊರಿನ ಗುಡಿಯ ಮುಂದೆ ನಿಂತು, “ರಾಜಾಪುರ ಬ್ಯಾರೇಜಿನಿಂದ ಎರಡು ಲಕ್ಷ ಕ್ಯೂಸೆಕ್ ನೀರು ಬರುತ್ತಿರುವುದರಿಂದ ನದೀತೀರದ ನಿವಾಸಿಗಳು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು” ಎಂದು ಓದುವನೆಂದು ಭಾವಿಸಿರಿ. ಈ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಲೆಕ್ಕವೂ ಸರಿಯಾಗಿಯೇ ಇರಬಹುದು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿ.ಎಂ.ಸಿ. ನೀರಾಗುವುದು. ಇವೆಲ್ಲವೂ ಇಂಜಿನಿಯರಿಗೆ ಅತ್ಯಗತ್ಯವಾದ ಅಂಕಿಗಳು. ಆದರೆ ಕಟ್ಟೆಯ ಮೇಲೆ ಕುಳಿತು ಕೇಳುವ ರೈತನಿಗೆ ಬೇಕಾದುದು ಬೇರೆ. ನೀರು ತನ್ನ ದನದ ಕೊಟ್ಟಿಗೆಗೆ ಬರುವುದೋ ಇಲ್ಲವೋ? ಬಂದರೆ ಇಂದಿನ ರಾತ್ರಿಯೋ, ನಾಳೆಯ ಮಧ್ಯಾಹ್ನವೋ? ಕಲ್ಲೋಳ-ಯಡೂರಿನ ಸೇತುವೆಯು ಈಗಾಗಲೆ ಮುಳುಗಿದೆಯೆ? “2005ರಲ್ಲಿ ನೀರು ಯಾವ ಓಣಿಯವರೆಗೆ ಬಂದಿತ್ತೋ ನಾಳೆ ಹೊತ್ತು ಏರುವ ಮುನ್ನ ಅಲ್ಲಿಗೆ ಬರುವ ಸಂಭವವಿದೆ” ಎಂದು ಲೆಕ್ಕ ಬಲ್ಲವರಿಂದ ತಿಳಿದುಕೊಂಡು ಹೇಳಿದರೆ, ಊರಿನ ಪ್ರತಿಯೊಬ್ಬನೂ ಅದನ್ನು ತನ್ನ ಹೊಸ್ತಿಲಿಗೆ ಹಚ್ಚಿ ಅಳೆದುಕೊಳ್ಳುವನು. ಮುಳುಗಡೆಯನ್ನು ಕಂಡ ಊರಿಗೆ ಅದರ ಗೋಡೆಗಳೇ ಅಳತೆಗೋಲು.

ವಾಕ್ಯಗಳ ಕ್ರಮವೂ ಮುಖ್ಯವಾದುದು. ನಾವು ವಿದ್ಯಾವಂತರು ಕಾರಣವನ್ನು ಮೊದಲು ಹೇಳಿ ಕಾರ್ಯವನ್ನು ಕೊನೆಗಿಡುತ್ತೇವೆ. ಪ್ರಬಂಧಕ್ಕೆ ಅದು ಒಪ್ಪುವುದು. ಆದರೆ ಮನೆ ಬಿಡಲಾರದೆ ನಿಂತಿರುವವನನ್ನು ತಡೆಯುವುದು ಬಹುವೇಳೆ ಅಜ್ಞಾನವಲ್ಲ, ಎಮ್ಮೆ. ಜನಾವರಗಳನ್ನು ಎಲ್ಲಿ ಕಟ್ಟುವುದು, ಮೇವನ್ನು ಯಾರು ಕೊಡುವರು ಎಂಬ ಮಾತು ಭಾಷಣದ ಹತ್ತನೆಯ ನಿಮಿಷದಲ್ಲಿ ಬರುವುದಾದರೆ, ಅಷ್ಟರಲ್ಲಿ ಅವನು ಕೊಟ್ಟಿಗೆಗೆ ಹೋಗಿರುತ್ತಾನೆ. ಕೇಳುವವನ ಕಾಲನ್ನು ಹಿಡಿದಿರುವ ಗಂಟು ಯಾವುದೋ ಅದನ್ನು ಮೊದಲು ಬಿಚ್ಚಬೇಕು.

ಭಾಷೆಯ ವಿಷಯ. ಪ್ರತಿಯೊಂದು ವಾಕ್ಯವನ್ನೂ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಹೇಳುವ ಪದ್ಧತಿಯನ್ನು ಕೆಲವರು ಅನುಸರಿಸುತ್ತಾರೆ. ಇದರಿಂದ ಎರಡು ಪಂಗಡದವರಿಗೂ ಅರ್ಧ ಹೊತ್ತು ಆಕಳಿಕೆ. ಗಡಿನಾಡಿನ ಆಡುಮಾತಿನಲ್ಲಿ ಪೂರ, ಜನಾವರ, ತಂಬಾಕು ಮೊದಲಾದ, ಉಭಯರಿಗೂ ಸಲ್ಲುವ ಶಬ್ದಗಳು ಬೇಕಾದಷ್ಟಿವೆ. ಅವುಗಳ ಮೇಲೆ ವಾಕ್ಯವನ್ನು ನಿಲ್ಲಿಸಿ, ತೀರ ಅಗತ್ಯವಾದ ಎರಡು ಮೂರು ಮಾತುಗಳನ್ನು ಮಾತ್ರ ಮರಾಠಿಯಲ್ಲಿ ಮರುನುಡಿದರೆ ಸಾಕು. ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು 2023ರ ಜನವರಿಯಲ್ಲಿ ದೇಹ ಬಿಟ್ಟ ಸಿದ್ಧೇಶ್ವರ ಸ್ವಾಮಿಗಳು ಕನ್ನಡ, ಮರಾಠಿಗಳೆರಡರಲ್ಲಿಯೂ ಪ್ರವಚನ ಮಾಡುತ್ತಿದ್ದರು. ದನಿ ಏರಿಸದೆ, ಸಣ್ಣ ಸಣ್ಣ ವಾಕ್ಯಗಳಲ್ಲಿ, ಕೇಳುವವರಿಗೆ ಉಸಿರಾಡಲು ಬಿಡುವು ಕೊಟ್ಟು ನುಡಿಯುವ ಅವರ ರೀತಿಯನ್ನು, ಅವರ ತತ್ತ್ವದಲ್ಲಿ ಆಸಕ್ತಿಯಿಲ್ಲದವರೂ ಧ್ವನಿಮುದ್ರಿಕೆಗಳಲ್ಲಿ ಕೇಳಿ ಕಲಿಯಬಹುದು. ಬಿಡುವು ಕೊಡುವ ಗುಟ್ಟು ನಮ್ಮ ಗೀಗೀ ಪದದವರಿಗೂ ಗೊತ್ತು: ಮುಂದಾಳು ನುಡಿಯನ್ನು ಹಾಡಿ ನಿಲ್ಲಿಸಿದೊಡನೆ ಸಂಗಡಿಗರು “ಗೀಗೀ” ಎಂದು ಎಳೆಯುವರು, ಆ ಅವಧಿಯಲ್ಲಿ ಕಥೆಯು ಕೇಳುಗನ ಮನಸ್ಸಿನಲ್ಲಿ ತಳವೂರುವುದು. ವೇದಿಕೆಯ ಮೇಲಿನ ಪದವೀಧರನಾದರೋ ಮೌನವೆಂದರೆ ಮರೆವೆಂದು ಜನ ತಿಳಿದಾರೆಂದು ಹೆದರಿ ಓಡುತ್ತಾನೆ!

ಭಾಷಣವೆಂದರೆ ವಿದ್ಯಾವಂತರ ಸೊತ್ತು ಎಂಬ ಭ್ರಮೆಯೂ ನಮ್ಮಲ್ಲಿದೆ. ನಿಪ್ಪಾಣಿಯ ತಂಬಾಕಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿಕೊಂಡು ಮುಷ್ಕರ ಹೂಡಿದುದನ್ನು ಕುರಿತು ಯುಗಾಂತರ ಎಂಬ ಸ್ತ್ರೀಯರ ಚಿತ್ರತಂಡವು 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನು ತಯಾರಿಸಿತು. ಅದರಲ್ಲಿ ಆ ಹೆಂಗಸರು ತಮ್ಮ ಕೆಲಸವನ್ನೂ ಕೂಲಿಯನ್ನೂ ತಾವೇ ಹೇಳಿಕೊಳ್ಳುತ್ತಾರೆ. ಶೋಷಣೆಯೆಂಬ ದೊಡ್ಡ ಶಬ್ದವನ್ನು ನೂರು ಸಲ ಉಚ್ಚರಿಸುವುದಕ್ಕಿಂತ, ತಂಬಾಕಿನ ಧೂಳಿನಲ್ಲಿ ದಿನಗಳೆದವಳು ಆ ಧೂಳು ಎಂತಹುದೆಂದು ಹೇಳುವುದು ಕೇಳುವವನನ್ನು ಹೆಚ್ಚು ಕಲಕುವುದು.

ಇನ್ನು ಪ್ರಶ್ನೆಗಳು. “ಸಂದೇಹವಿದ್ದವರು ಕೇಳಬಹುದು” ಎಂದು ಧ್ವನಿವರ್ಧಕದಲ್ಲಿ ಕರೆದರೆ ಊರ ಹಿರಿಯರಿಬ್ಬರು ಎದ್ದು ಸ್ವಾಗತಭಾಷಣವನ್ನೇ ಪುನಃ ಮಾಡುವುದುಂಟು. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ನಿಂತವಳು ಅಲ್ಲಿ ಬಾಯಿ ಬಿಡಳು. ಆದಕಾರಣ ಭಾಷಣಕಾರನು ವೇದಿಕೆಯಿಂದಿಳಿದು ಹತ್ತು ನಿಮಿಷ ಆ ಕಡೆಗೆ ಹೋಗಿ ನಿಲ್ಲಬೇಕು. “ಎಮ್ಮಿ ಇವತ್ತ ನಾಳೆ ಈಯೂದ ಐತ್ರಿ ಸಾಹೇಬರ, ಅದನ್ನ ಹೆಂಗ ನಡಸ್ಕೊಂಡ ಹೋಗೂದ್ರಿ?” ಎಂಬಂತಹ ಪ್ರಶ್ನೆಯು ಅಲ್ಲಿಯೇ ಹುಟ್ಟುವುದು. ಅದಕ್ಕೆ ಉತ್ತರವನ್ನು ಅವಳೊಬ್ಬಳಿಗೆ ಹೇಳಿ ಬಿಡದೆ, ಮರಳಿ ವೇದಿಕೆಗೆ ಹೋಗಿ ಎಲ್ಲರಿಗೂ ಕೇಳುವಂತೆ, ಅವಳ ಹೆಸರನ್ನೆತ್ತದೆ ಹೇಳಬೇಕು; ಈಯಲಿರುವ ಎಮ್ಮೆಯು ಆ ಊರಿನಲ್ಲಿ ಒಂದೇ ಇರಲಾರದು.