ಗಜನಿ ಕೆಸರಿನಲ್ಲಿ ರೋಮನ್ನರನ್ನು ಹುಡುಕುವುದು

ನೋಯ್ಡಾದಿಂದ ಮಾತಾಡ್ತಾ ಇದ್ದೇನೆ. ನನ್ನ ಹಿಂದಿನ ಕಿಟಕಿಯಲ್ಲಿ ಯಮುನೆಯ ಬಯಲು ಕಾಣಬೇಕಿತ್ತು. ಗಾಳಿ ಚೆನ್ನಾಗಿದ್ದ ದಿನ ಓಖ್ಲಾ ಪಕ್ಷಿಧಾಮದ ನೀರೂ ಕಾಣುತ್ತೆ. ಇವತ್ತು ಬರೀ ಹೊಗೆ. ಇರ್ಲಿ, ನಮ್ಮ ವಿಷಯ ಹೇಗೂ ನೆಲದ ಕೆಳಗಿದೆ.

ನಾನು ಮೊದಲ ಸಲ ದಿಲ್ಲಿಗೆ ಬಂದದ್ದು 2007ರಲ್ಲಿ, ಇಂಟರ್‌ವ್ಯೂಗೆ, ಬೆಂಗಳೂರಿನ ಹಳೇ ಎಚ್‌ಎಎಲ್ ವಿಮಾನ ನಿಲ್ದಾಣದಿಂದ. ಎರಡನೇ ಸಲ ಹಾಸಿಗೆ, ಕುಕ್ಕರು, ಉಪ್ಪಿನಕಾಯಿ ಸಮೇತ ಯಶವಂತಪುರದಲ್ಲಿ ಸಂಪರ್ಕ ಕ್ರಾಂತಿ ಹತ್ತಿ ನಿಜಾಮುದ್ದೀನ್‌ನಲ್ಲಿ ಇಳಿದೆ. ನೋಡ್ತಾ ಇರೋರಲ್ಲಿ ಎಷ್ಟೋ ಜನರ ಕಥೆಯೂ ಇದೇ. ಈ ಎರಡೂ ಜಾಗದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿದೆ ಅಂತ ನನಗೆ ಗೊತ್ತಾಗಿದ್ದು ಹತ್ತು ವರ್ಷ ಕಳೆದ ಮೇಲೆ. ಯಶವಂತಪುರದಲ್ಲಿ 1891ರಲ್ಲಿ 163 ನಾಣ್ಯ, ಎಚ್‌ಎಎಲ್ ನಿಲ್ದಾಣದ ಹತ್ತಿರ 1965ರಲ್ಲಿ 256 ನಾಣ್ಯ. ಡಿನೇರಿಯಸ್ ಅಂತಾರೆ, ಒಂದೊಂದೂ ಹೆಚ್ಚುಕಡಿಮೆ 4 ಗ್ರಾಂ ಬೆಳ್ಳಿ. ಹೆಚ್ಚಿನವು ಆಗಸ್ಟಸ್, ಟೈಬೀರಿಯಸ್ ಕಾಲದವು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಆಗ ರೋಮನ್ ಸೈನ್ಯದ ಸಾಮಾನ್ಯ ಸಿಪಾಯಿಯ ಸಿಟಿಸಿ ವರ್ಷಕ್ಕೆ 225 ಡಿನೇರಿಯಸ್. ಅದರಲ್ಲೂ ಊಟ, ಬಟ್ಟೆಗೆ ಕಡಿತ ಇತ್ತು. ಅಂದ್ರೆ ಎಚ್‌ಎಎಲ್ ಹತ್ತಿರ ಯಾರೋ ಒಬ್ಬರು ಸಿಪಾಯಿಯ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚನ್ನು ಹೂತಿಟ್ಟು ವಾಪಸ್ ಬರಲೇ ಇಲ್ಲ. ಯಾಕೆ ಬರಲಿಲ್ಲ? ನಾಣ್ಯ ಅದನ್ನ ಹೇಳಲ್ಲ. ಅದರ ಮೇಲೆ ಚಕ್ರವರ್ತಿಯ ಮುಖ ಇದೆ, ಕಾಲ ಇದೆ. ಹೂತವನ ಬಗ್ಗೆ ಏನೂ ಇಲ್ಲ.

ಅವನಂಥವರನ್ನ ಹುಡುಕಬೇಕಾದ್ರೆ ಕೆಸರಿಗೇ ಹೋಗಬೇಕು.

ನನ್ನೂರು ಕುಮಟಾದ ಹತ್ತಿರ, ಅಘನಾಶಿನಿ ಹೊಳೆಯ ಕೊನೆಯಲ್ಲಿ. ಗಜನಿ ಭೂಮಿ ನೋಡದವರಿಗೆ ಹೇಳ್ತೇನೆ. ಸಮುದ್ರದ ಉಬ್ಬರಕ್ಕೆ ಉಪ್ಪುನೀರು ಹೊಕ್ಕು ಹೊರಡುವ ಜೌಗು ಗದ್ದೆ ಅದು. ಸುತ್ತ ಮಣ್ಣಿನ ಒಡ್ಡು, ಅಂಚಿನಲ್ಲಿ ಕಾಂಡ್ಲ ಗಿಡ. ಮಳೆಗಾಲದಲ್ಲಿ ಉಪ್ಪು ತಡೆದುಕೊಳ್ಳೋ ಕಗ್ಗ ಭತ್ತ, ಆಮೇಲೆ ಮೀನು, ಸಿಗಡಿ. ಮೊಣಕಾಲುದ್ದ ಇಳಿದರೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಚಿಕ್ಕಂದಿನಲ್ಲಿ ಆ ವಾಸನೆ ಮೈಗೆ ಹತ್ತಿದ್ರೆ ಅಮ್ಮ ಒಳಗೆ ಬಿಡ್ತಿರಲಿಲ್ಲ. ಗಾಳಿಯ ಆಮ್ಲಜನಕ ಅಲ್ಲಿಗೆ ಇಳಿಯಲ್ಲ ಅನ್ನೋದಕ್ಕೆ ಆ ವಾಸನೆಯೇ ಗುರುತು. ಆಮ್ಲಜನಕ ಇಲ್ಲದ ಕಡೆ ಮರ ತಿನ್ನೋ ಶಿಲೀಂಧ್ರ ಬದುಕಲ್ಲ. ಒಣ ನೆಲದಲ್ಲಿ ಕಲ್ಲು, ಮಡಕೆ, ಲೋಹ ಉಳಿಯುತ್ತೆ. ಇಂಥ ಕೆಸರಿನಲ್ಲಿ ಮರ, ಕಾಳು, ಅಂಟು ಕೂಡ ಉಳಿಯುತ್ತೆ.

ಕೇರಳದ ಪಟ್ಟಣಂನಲ್ಲಿ ಆಗಿದ್ದು ಅದೇ. ಎರ್ನಾಕುಳಂ ಜಿಲ್ಲೆ, ಪೆರಿಯಾರ್ ನದಿ ಕಡಲು ಸೇರುವ ಜೌಗು ಸೀಮೆ. ರೋಮನ್ನರು ಮೆಣಸಿಗಾಗಿ ಹಡಗು ಕಳಿಸುತ್ತಿದ್ದ ಮುಜಿರಿಸ್ ಬಂದರನ್ನ ಬಹಳ ಕಾಲ ಹೊಳೆಯ ಆಚೆ ದಡದ ಕೊಡುಂಗಲ್ಲೂರಿನಲ್ಲಿ ಹುಡುಕಿದ್ದರು. 1940ರ ದಶಕದಲ್ಲಿ ಅಗೆದರು, ಆಮೇಲೂ ಅಗೆದರು, ಅಷ್ಟು ಹಳೆಯದು ಸಿಗಲಿಲ್ಲ. ಈಚೆ ದಡದ ಪಟ್ಟಣಂನಲ್ಲಿ ಮಳೆ ಬಂದ ಮೇಲೆ ಮನೆ ಹಿತ್ತಲಲ್ಲಿ ಮಕ್ಕಳಿಗೆ ಬಣ್ಣದ ಮಣಿ ಸಿಗುತ್ತಿತ್ತು. ಅಲ್ಲಿನ ಮಡಕೆ ಚೂರುಗಳಿಗೆ ಬೆಲೆ ಕೊಟ್ಟು ನೋಡಿದವರು ಭೂವಿಜ್ಞಾನಿ ಕೆ.ಪಿ. ಶಾಜನ್. 2007ರಿಂದ ಕೇರಳ ಇತಿಹಾಸ ಸಂಶೋಧನಾ ಪರಿಷತ್ತು ಪಿ.ಜೆ. ಚೆರಿಯನ್ ಅವರ ನೇತೃತ್ವದಲ್ಲಿ ಅಗೆಯಿತು.

ಮೊದಲ ವರ್ಷವೇ, ನೀರು ನಿಂತ ಗುಂಡಿಯ ತಳದಲ್ಲಿ, ಒಂದೇ ಮರ ಕೊರೆದು ಮಾಡಿದ ದೋಣಿ ಸಿಕ್ಕಿತು. ಸುಮಾರು 6 ಮೀಟರ್ ಉದ್ದ. ಪಕ್ಕದಲ್ಲಿ ದೋಣಿ ಕಟ್ಟೋ ತೇಗದ ಗೂಟಗಳು, ಇಟ್ಟಿಗೆಯ ದಕ್ಕೆ. ದೋಣಿಯ ಮರ ಯಾವುದು ಅಂದ್ರೆ ಹೆಬ್ಬಲಸು. ನಮ್ಮ ಘಟ್ಟದ ಕೆಳಗಿನವರಿಗೆ ಪರಿಚಯದ ಮರ. ಎರಡು ಸಾವಿರ ವರ್ಷದ ಹಿಂದೆಯೂ ಕರಾವಳಿಯ ಬಡಗಿ ನೀರಿಗೆ ಯಾವ ಮರ ಒಳ್ಳೇದು ಅಂತ ಅದನ್ನೇ ಆರಿಸಿದ್ದ. ಈ ಪುಟ್ಟ ದೋಣಿ ಸಮುದ್ರ ದಾಟಿದ್ದಲ್ಲ. ಮುಜಿರಿಸ್‌ನಲ್ಲಿ ಹಡಗು ದಡದಿಂದ ದೂರ ನಿಲ್ಲಬೇಕು, ಸರಕನ್ನ ಸಣ್ಣ ದೋಣಿಯಲ್ಲಿ ಸಾಗಿಸಬೇಕು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಇದು ಅಂಥ ಕೆಲಸದ ದೋಣಿ. ಈಗಿನ ಮಾತಲ್ಲಿ, ಲಾಸ್ಟ್ ಮೈಲ್ ಡೆಲಿವರಿ.

ಅದೇ ನೆಲದಲ್ಲಿ ಕಾಳುಮೆಣಸು, ಅರಬ್ ಕಡೆಯ ಧೂಪದ ಅಂಟು, ಸಾವಿರಾರು ಆಂಫೋರಾ ಚೂರುಗಳು ಸಿಕ್ಕವು. ಆಂಫೋರಾ ಅಂದ್ರೆ ಎರಡು ಹಿಡಿಯ ಉದ್ದ ಗಡಿಗೆ, ದ್ರಾಕ್ಷಿ ಮದ್ಯಕ್ಕೆ, ಎಣ್ಣೆಗೆ. ಕೆಲವು ಚೂರುಗಳ ಮಣ್ಣಿನಲ್ಲಿ ಕರೀ ಜ್ವಾಲಾಮುಖಿ ಮರಳಿದೆ. ಅದು ಇಟಲಿಯ ನೇಪಲ್ಸ್ ಕೊಲ್ಲಿಯ ಸುತ್ತಲಿನ ಮಣ್ಣು. ಇದರ ಇನ್ನೊಂದು ತುದಿ ಈಜಿಪ್ಟಿನ ಕೆಂಪು ಸಮುದ್ರದ ದಡದ ಬೆರೆನಿಕೆ. ಅಲ್ಲಿನ ಗುಡಿಯಲ್ಲಿ ಭಾರತದ ಹಂಡೆಯಂಥ ದೊಡ್ಡ ಮಡಕೆಯೊಳಗೆ ಸುಮಾರು 7.5 ಕಿಲೋ ಕಾಳುಮೆಣಸು ಹಾಗೇ ಇತ್ತು. ಪಟ್ಟಣಂ ಅಂದ್ರೆ ಮುಜಿರಿಸ್ಸೇ ಅನ್ನೋದನ್ನ ಒಪ್ಪದ ಇತಿಹಾಸಕಾರರಿದ್ದಾರೆ. ಹೆಸರಿನ ಜಗಳ ಅವರು ಆಡಲಿ. ದೋಣಿ ಮಾತ್ರ ದೋಣಿಯೇ.

ಈಗ ನಮ್ಮ ವಾಟ್ಸಾಪ್ ಗ್ರೂಪಿಗೆ ಬರೋಣ. ಪ್ರತಿ ನವೆಂಬರ್ 1ಕ್ಕೆ ತಪ್ಪದೆ ಬರೋ ಒಂದು ಫಾರ್ವರ್ಡ್ ಇದೆ: ‘ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾಟಕದಲ್ಲಿ ಕನ್ನಡ!’ ಹಿಂದಿರುವ ವಿಷಯ ನಿಜವಾದದ್ದೇ. ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೇ ಕಸದ ರಾಶಿಯಲ್ಲಿ ಸಿಕ್ಕ ಪಪೈರಸ್, ಸಂಖ್ಯೆ 413, ಅಚ್ಚಾಗಿದ್ದು 1903ರಲ್ಲಿ. ಭಾರತದ ಕರಾವಳಿಯ ರಾಜನ ಕೈಲಿ ಸಿಕ್ಕ ಖಾರಿಟಿಯೋನ್ ಅನ್ನೋ ಗ್ರೀಕ್ ಹೆಣ್ಣನ್ನ, ರಾಜನಿಗೆ ನೀರು ಬೆರೆಸದ ಮದ್ಯ ಕುಡಿಸಿ ಪಾರು ಮಾಡೋ ಪ್ರಹಸನ. ರಾಜನ ಕಡೆಯವರ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಇರಬಹುದು ಅಂತ 1904ರಲ್ಲಿ ಹುಲ್ಟ್ಶ್ ಹೇಳಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ತುಳು ಅಂದವರಿದ್ದಾರೆ, ಬರೀ ನಗೆಗಾಗಿ ಮಾಡಿದ ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. ತೀರ್ಮಾನ ಆಗಿಲ್ಲ. ನನಗೂ ಅದು ಕನ್ನಡ ಆಗಿರಲಿ ಅಂತ ಆಸೆ. ಆದ್ರೆ ಆಸೆಯನ್ನ ಫಾರ್ವರ್ಡ್ ಮಾಡಿದಷ್ಟು ಉತ್ಸಾಹ ನಮ್ಮ ಅಳಿವೆಗಳನ್ನ ಅಗೆದು ನೋಡೋದರಲ್ಲಿ ಇಲ್ಲ. ಮುಜಿರಿಸ್ ಹತ್ತಿರದ ಕಡಲ್ಗಳ್ಳರು ನಿತ್ರಿಯಾಸ್‌ನವರು ಅಂತಾನೆ ಪ್ಲಿನಿ. ಅದು ನೇತ್ರಾವತಿಯ ದಡ ಅಂತ ಹಲವರ ಊಹೆ. ಊಹೆಗೆ ಉತ್ತರ ಇದ್ದರೆ ಅದು ಯಾವುದೋ ಅಳಿವೆಯ ಕೆಸರಿನಲ್ಲಿ ಇರಬೇಕು, ಪುಸ್ತಕದಲ್ಲಿ ಅಲ್ಲ.

ಕರಾವಳಿಯ ನೆಲ ಒಳನಾಡಿಗೂ ಹೇಗೆ ಮುಖ್ಯ ಅನ್ನೋದಕ್ಕೆ ಒಂದು ಉದಾಹರಣೆ. ಇದನ್ನ ನಾನು ಮೆಟ್ರೋದಲ್ಲಿ ‘ಏನ್ಶಿಯಂಟ್ ಇಂಡಿಯಾ’ದ ಹಳೇ ಸಂಚಿಕೆಗಳ ಸ್ಕ್ಯಾನ್ ಓದ್ತಾ ತಿಳಿದದ್ದು. ಇಲ್ಲೇ ದಿಲ್ಲಿಯಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿ ಪಕ್ಕದ ಅರಿಕಮೇಡು ಅಗೆದರು. ಅಲ್ಲಿ ಇಟಲಿಯ ಕೆಂಪು ಮಡಕೆ ಸಿಕ್ಕಿತು. ಅದರ ಕಾಲ ಗೊತ್ತಿತ್ತು. ಅದೇ ಪದರದಲ್ಲಿ ಸಿಕ್ಕ, ಹಲ್ಲುಚಕ್ರದ ಗುರುತಿನ ತಟ್ಟೆಗಳಿಗೂ ಹೀಗೆ ಕಾಲ ಸಿಕ್ಕಿತು. ಎರಡು ವರ್ಷದ ಮೇಲೆ, 1947ರಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅದೇ ತರದ ತಟ್ಟೆಯ ಚೂರು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯವೂ ಇತ್ತು; ಮೈಸೂರಿನ ಎಂ.ಎಚ್. ಕೃಷ್ಣ ಅಲ್ಲಿ ಮೊದಲೇ ಅಗೆದಿದ್ದರು. ಟೈಮ್‌ಸ್ಟ್ಯಾಂಪ್ ಇಲ್ಲದ ಲಾಗ್ ಫೈಲಿಗೆ ಇನ್ನೊಂದು ಸರ್ವರ್‌ನ ಲಾಗ್ ಜೋಡಿಸಿ ಕಾಲ ಕಂಡುಹಿಡೀತೀವಲ್ಲ, ಹಾಗೆ. ಆ ತಟ್ಟೆಗಳು ಇನ್ನೂ ಹಳೆಯವು ಅಂತ ಆಮೇಲೆ ತಿದ್ದುಪಡಿ ಆಯಿತು. ಆದ್ರೆ ನಮ್ಮ ಬೃಹತ್ ಶಿಲಾ ಗೋರಿಗಳಿಗೆ ಮೊದಲು ಗಟ್ಟಿಯಾದ ಒಂದು ಕಾಲ ಕೊಟ್ಟಿದ್ದು ಬಂದರಿನ ಆ ಮಣ್ಣು.

ಇಷ್ಟೆಲ್ಲ ಹೇಳೋಕೆ ಒಂದು ಸ್ವಂತ ಕಾರಣವೂ ಇದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಗಜನಿಯ ಒಡ್ಡು ಒಡೆದಿತ್ತು. ಕಟ್ಟೋಕೆ ಮಣ್ಣು ತೆಗೆಯುವಾಗ ಅಪ್ಪನಿಗೆ ಕಪ್ಪು ದಿಮ್ಮಿಯೊಂದು ಸಿಕ್ಕಿತು. ಒಂದು ಬದಿ ಕೊರೆದಂತೆ ಬೋಗುಣಿಯಾಗಿತ್ತು. ಒದ್ದೆ ಇದ್ದಾಗ ಉಗುರಿನಲ್ಲಿ ಕೆರೆದರೆ ಬೆಣ್ಣೆ ಹಾಗೆ ಬರುತ್ತಿತ್ತು. ಅಂಗಳದಲ್ಲಿ ಬಿಸಿಲಿಗೆ ಇಟ್ಟೆವು. ವಾರದಲ್ಲಿ ಉದ್ದಕ್ಕೂ ಸೀಳಿ, ತಿರುಚಿಕೊಂಡು ಚೂರಾಯಿತು. ನೀರು ಕುಡಿದ ಹಳೇ ಮರ ಒಣಗಿದರೆ ಹಾಗೇ ಆಗೋದು. ಸಂಗ್ರಹಾಲಯದವರು ಅದನ್ನ ತಿಂಗಳುಗಟ್ಟಲೆ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಮುಳುಗಿಸಿಡ್ತಾರೆ. ನಮ್ಮದು ಬಚ್ಚಲ ಒಲೆಗೆ ಹೋಯಿತು. ಸರಿಯಾಗಿ ಉರಿಯಲೂ ಇಲ್ಲ, ಹೊಗೆ ಮಾತ್ರ.

ಅದು ನೂರು ವರ್ಷದ ಹಿಂದಿನ ಮೀನುಗಾರರ ದೋಣಿ ಇರಬಹುದು. ಹೊಳೆಯ ಮೇಲ್ಗಡೆ ಮಿರ್ಜಾನ್ ಕೋಟೆಯಿದೆ. ಅಲ್ಲಿ ಅಗೆದಾಗ ಚೀನಾದ ಪಿಂಗಾಣಿ ಸಿಕ್ಕಿದೆ, ಆದ್ರೆ ಅದೆಲ್ಲ ಮೆಣಸಿನ ರಾಣಿ ಚೆನ್ನಭೈರಾದೇವಿಯ ಆಸುಪಾಸಿನ ಕಾಲದ ಮಾತು. ನಮ್ಮ ಗದ್ದೆಯಲ್ಲಿ ರೋಮ್ ಇದೆ ಅಂತ ನಾನು ಹೇಳ್ತಾ ಇಲ್ಲ. ನೋಡದೆ ಸುಟ್ಟುಬಿಟ್ಟೆವಲ್ಲ, ಅದು ಕಾಡುತ್ತೆ.

ಈಗ ತಮ್ಮ ಆ ಗದ್ದೆಯನ್ನ ಸಿಗಡಿ ಕೃಷಿಯವರಿಗೆ ಲೀಸಿಗೆ ಕೊಡ್ತೇನೆ ಅಂತಿದ್ದಾನೆ. ಜೆಸಿಬಿ ಇಳಿಸಿ ಆಳದ ಹೊಂಡ ತೆಗೀತಾರೆ. ಬೇಡ ಅಂತ ಫೋನಿನಲ್ಲಿ ಹೇಳಿದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ ಅಂತಾನೂ ಹೇಳಿದೆ. ‘ಅಣ್ಣ, ಒಡ್ಡು ಕಟ್ಟೋಕೆ ಆಳು ಸಿಗೋದಿಲ್ಲ. ಕಗ್ಗ ಬಿತ್ತೋಕೆ ನೀನು ಬರ್ತೀಯಾ?’ ಅಂದ. ಅವನದು ತಪ್ಪಲ್ಲ. ಹದಿನೆಂಟು ವರ್ಷದಿಂದ ಆ ಕೆಸರಿನಲ್ಲಿ ನಿಂತವನು ಅವನು. ನಾನು ಯಮುನೆಯ ಬಯಲಿನ ಹದಿನಾಲ್ಕನೇ ಮಹಡಿಯಲ್ಲಿದ್ದೇನೆ. ಈ ಟವರಿನ ಬೇಸ್‌ಮೆಂಟ್ ಅಗೆದಾಗ ನೆಲದ ನೀರನ್ನ ಪಂಪ್ ಹಚ್ಚಿ ತಿಂಗಳುಗಟ್ಟಲೆ ಹೊರಗೆ ಹಾಕಿದ್ದರಂತೆ. ಆ ಮಣ್ಣಿನಲ್ಲಿ ಏನಿತ್ತು ಅಂತ ಫ್ಲ್ಯಾಟ್ ಕೊಳ್ಳುವಾಗ ನಾನು ಕೇಳಿದ್ದೆನಾ?

ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಜೆಸಿಬಿ ಮಾರ್ಚ್‌ವರೆಗೆ ಬರಲ್ಲ. ಅಷ್ಟರಲ್ಲಿ ಇತಿಹಾಸ ಓದಿದ ಯಾರನ್ನಾದರೂ ಕರೆತಂದು, ಒಡ್ಡು ಒಡೆದಿದ್ದ ಆ ಮೂಲೆಯಲ್ಲಿ ಒಂದು ಸಣ್ಣ ಗುಂಡಿ ತೋರಿಸಬೇಕು. ಖರ್ಚು, ಓಡಾಟ, ಅನುಮತಿಯ ಕಾಗದ ನನ್ನದು. ಫೆಬ್ರವರಿಗೆ ನಿಜಾಮುದ್ದೀನ್‌ನಿಂದ ಮಂಗಳಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೇನೆ, ಕಾರವಾರದಲ್ಲಿ ಇಳಿಯೋದು. ಇಳಿಯದೆ ಕೂತರೆ ಅದೇ ಗಾಡಿ ಎರ್ನಾಕುಳಂವರೆಗೆ ಹೋಗುತ್ತೆ.

ನೋಡ್ತಾ ಇರೋರಲ್ಲಿ ಕರಾವಳಿ ಕಡೆಯ ಪುರಾತತ್ವದ ವಿದ್ಯಾರ್ಥಿಗಳು, ಮೇಷ್ಟ್ರುಗಳು ಇದ್ದರೆ ದಯವಿಟ್ಟು ಬರೆಯಿರಿ. ಉಳಿಯೋಕೆ ನಮ್ಮ ಮನೆ ಇದೆ. ಊಟಕ್ಕೆ ಕಗ್ಗದ ಅನ್ನ, ಬಳಚಿನ ಸಾರು. ಕೆಸರಿನ ವಾಸನೆಗೆ ಮಾತ್ರ ಮೊದಲೇ ಕ್ಷಮೆ ಕೇಳ್ತೇನೆ.